ಕೆಂಪು ದಾರದ ಮೂಟೆ

ಮೂವತ್ತೊಂದು ವರ್ಷ ನನಗೆ ಅನ್ನ ಹಾಕಿದ್ದು ಈ ಮೂಗು.
ಕೈಯಲ್ಲ, ಓದಲ್ಲ,
ಚರ್ಚಿನ ಫಾದರ್ ಬರೆದುಕೊಟ್ಟ ಶಿಫಾರಸು ಪತ್ರವೂ ಅಲ್ಲ.
ಪೋರ್ಚುಗಲ್ಲಿನ ಕೊರೂಶ್ ಊರಿನ ಬಿರಡೆ ಕಾರ್ಖಾನೆಯಲ್ಲಿ
ಹನ್ನೊಂದು ಹೆಂಗಸರು ಸಾಲಾಗಿ ಕೂತು
ಗಾಜಿನ ಭರಣಿಗಳ ಮುಚ್ಚಳ ತೆಗೆದು ಮೂಸುತ್ತಿದ್ದೆವು.
ರಾತ್ರಿಯಿಡೀ ನೀರಲ್ಲಿ ನೆನೆದ ಬಿರಡೆ:
ಮರದ ವಾಸನೆ ಬಂದರೆ ಸರಿ,
ಮಳೆಗೆ ತೊಯ್ದ ರಟ್ಟಿನ ವಾಸನೆ ಬಂದರೆ
ಆ ಮೂಟೆಗೆ ಕೆಂಪು ದಾರ.

ಕೆಂಪು ದಾರದ ಮೂಟೆ ಎಲ್ಲಿಗೆ ಹೋಗುತ್ತದೆ ಅಂತ
ಯಾರೂ ಕೇಳುತ್ತಿರಲಿಲ್ಲ.
ಹೋಗುತ್ತಿತ್ತು, ದೂರದ ಗಿರಾಕಿಗೆ,
ಅಗ್ಗದ ದರದ ತುಪ್ಪ ಮೂಗಿಗೆ ಸವರಿ.

ಆಮೇಲೆ ಆಸ್ಟ್ರೇಲಿಯಾದಿಂದ ಕಾಗದ.
ಮೊದಲನೆಯದು ಸಿಟ್ಟಿನದು, ಎರಡನೆಯದು ಮರ್ಯಾದೆಯದು,
ಮೂರನೆಯದು ಬರಲೇ ಇಲ್ಲ.
ಅದರ ಬದಲು ಅವರ ಬಾಟಲಿ ಬಂತು,
ತಿರುಪಿನ ತಗಡಿನ ಟೋಪಿ ಹಾಕಿಕೊಂಡು.
ದಣಿ ಬೆಲ್ಮಿರೊ ಅದನ್ನು ಮೇಜಿನ ಮೇಲಿಟ್ಟು
ತಿರುಗಿಸಿದರು, ಮುಚ್ಚಿದರು, ಮತ್ತೆ ತಿರುಗಿಸಿದರು.
"ನಮ್ಮಜ್ಜನ ಅಜ್ಜನ ಕಸುಬು" ಅಂದರು.
ಬಾಟಲಿ ಟಕ್ ಅಂದಿತು. ಅಷ್ಟೇ.

ಪೋರ್ಟೊದಿಂದ ಸಲಹೆಗಾರ ಬಂದ, ವಾಲ್ಡೆಮಾರ್ ಅಂತ.
ಬಿಳಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದ:
ನಮ್ಮ ಬಲ, ನಮ್ಮ ಕೊರತೆ, ತೆರೆದ ದಾರಿ, ಬಂದ ಕುತ್ತು.
ಕುತ್ತಿನ ಚೌಕ ತುಂಬಿ, ಅಂಚು ದಾಟಿ ಗೋಡೆಗಿಳಿಯಿತು.
ಮಗ ಅಂದ: ನಾವೂ ಪ್ಲಾಸ್ಟಿಕ್ ಬಿರಡೆ ಮಾಡೋಣ.
ಅಳಿಯ ಅಂದ: ಚಪ್ಪಲಿ, ಕೈಚೀಲ, ನೆಲಹಾಸು, ಎಲ್ಲ ಮಾಡೋಣ.
ಮಾರಾಟದ ಲುಡ್ಜೆರೊ ಅಂದ: ದರ ಇಳಿಸೋಣ.
ಒಬ್ಬೊಬ್ಬರೂ ಅವರವರ ಮೂಗಿನ ನೇರಕ್ಕೆ.
ಕಾಫಿ ಹುಡುಗಿ ರಜೆ, ತಟ್ಟೆ ಹಿಡಿದು ನಿಂತವಳು ನಾನು.
ಸಲಹೆಗಾರ ಪೆನ್ನಿನ ಟೊಪ್ಪಿಗೆ ಮುಚ್ಚಿ ಕೇಳಿದ:
"ಏನೇನು ಮಾಡೋಣ ಅಂದಿರಿ. ಯಾವುದನ್ನು ಬಿಡೋಣ?"
ಕೋಣೆ ಒಂದು ಭರಣಿಯಾಯಿತು. ಮುಚ್ಚಳ ಬಿಗಿದದ್ದು.

ಕೆಂಪು ದಾರದ ಮೂಟೆ, ಅಂದೆ.

ಓಡಿ ಹೋಗಿ ನೀಲಿ ಪುಸ್ತಕ ತಂದೆ.
ಮಗಳ ಶಾಲೆಯ ಉಳಿದ ಹಾಳೆ ಹೊಲಿದು ಹದಿನಾರು ವರ್ಷ ತುಂಬಿಸಿದ್ದು:
ಯಾವ ತೋಪು, ಯಾವ ಇಳಿಜಾರು, ಯಾವ ತಿಂಗಳು, ಎಂಥ ವಾಸನೆ.
ಬರೆ ಅಂತ ಯಾರೂ ಹೇಳಿರಲಿಲ್ಲ.
ಸಲಹೆಗಾರ ಮಧ್ಯಾಹ್ನದ ಊಟ ಬಿಟ್ಟು ಓದಿದ.
ಮರದ ಬುಡ, ಮಣ್ಣಿಗೆ ತಾಗಿದ ಒಂದು ಗೇಣು ತೊಗಟೆ:
ಹತ್ತರಲ್ಲಿ ಏಳು ಸಲ ಆ ರಟ್ಟಿನ ವಾಸನೆ ಅಲ್ಲಿಂದ.

ಆ ಬೇಸಿಗೆ ಕೊಡಲಿಯವರಿಗೆ ಹೊಸ ಅಪ್ಪಣೆ:
ಬುಡದ ಗೇಣು ಕೊಯ್ದು ಬಿಸಾಡಿ.
ಒಟ್ಟುವ ಅಂಗಳಕ್ಕೆ ಕಾಂಕ್ರೀಟು.
ತೂಕ ಹೋಯಿತು, ದುಡ್ಡು ಹೋಯಿತು, ಅಳಿಯ ಲಿಸ್ಬನ್ನಿಗೆ ಹೋದ.
ಸಾಲ ಮಾಡಿ ಜರ್ಮನಿಯಿಂದ ಯಂತ್ರ ತರಿಸಿದರು,
ಬಿರಡೆಗೆ ಹದಿನೆಂಟು ಸೆಕೆಂಡು ಮೂಸುವ ಯಂತ್ರ.
ಅದಕ್ಕೆ ನೆಗಡಿ ಬರುವುದಿಲ್ಲ.
ಅದಕ್ಕೆ ಅಕ್ಷರಾಭ್ಯಾಸ ಮಾಡಿಸಿದ್ದು ನಾನೇ:
ಇದು. ಇದಲ್ಲ. ಇದು.
ಹನ್ನೊಂದು ಕುರ್ಚಿಯಲ್ಲಿ ಏಳು ಖಾಲಿಯಾದವು.
ದೆವೊಲಿಂದ ಎರಡು ವರ್ಷ ನನ್ನ ಜತೆ ಮಾತು ಬಿಟ್ಟಳು.
ಆ ನಾಲ್ಕು ಚೌಕದಲ್ಲಿ ಅವಳ ಹೆಸರು ಎಲ್ಲಿ ಬರೆಯಬೇಕು,
ನನಗಿನ್ನೂ ಗೊತ್ತಾಗಿಲ್ಲ.

ಸುಲಿದ ಮರದ ಮೈಮೇಲೆ ಇಲ್ಲಿ ಬಿಳಿ ಬಣ್ಣದಲ್ಲಿ
ಆ ವರ್ಷದ ಕೊನೆಯ ಅಂಕಿ ಬರೆಯುತ್ತಾರೆ.
ಒಂಬತ್ತು ವರ್ಷ ಮುಟ್ಟುವಂತಿಲ್ಲ.
ಬ್ಯಾಂಕಿಗೆ ಮೂರು ತಿಂಗಳಿಗೊಂದು ಲೆಕ್ಕ ಬೇಕು.
ಮರಕ್ಕೆ ಅದನ್ನು ಹೇಳುವವರು ಯಾರು?
ಆ ಬೇಸಿಗೆ ಬರೆದದ್ದು ನಾಲ್ಕು.
ಈ ಬೇಸಿಗೆ ನಾಲ್ಕನ್ನು ಸುಲಿದು ಮೂರು ಬರೆದರು.

ಆಸ್ಟ್ರೇಲಿಯಾದವರು ವಾಪಸು ಬರಲಿಲ್ಲ. ಬೇರೆ ಯಾರೋ ಬಂದರು.

ನನ್ನ ಬೀಳ್ಕೊಡುಗೆಯ ದಿನ ದಣಿ ಬಾಟಲಿ ತೆಗೆದು
ಬಿರಡೆ ನನ್ನ ಕೈಗಿತ್ತರು.
ಮೂಸಿದೆ.
ಏನೂ ಇಲ್ಲ.
ಇಷ್ಟು ವರ್ಷ ನಾವು ಮಾರಲು ಹೆಣಗಿದ್ದು
ಈ ಏನೂ ಇಲ್ಲವನ್ನೇ.

ಪಕ್ಕದ ದೆವೊಲಿಂದಳಿಗೆ ದಾಟಿಸಿದೆ.
ಅವಳು ಮೂಸಿದಳು, ತುಸು ಹೊತ್ತು ಹಿಡಿದುಕೊಂಡಳು,
ನನ್ನ ಉಡುಗೊರೆಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿ
ಅದಕ್ಕೆ ಸುತ್ತಿದಳು,
ನಗದೆ.