ಗಾಜಿನ ಬಟ್ಟಲು

ಕಂಪನಿ ಕೊಟ್ಟದ್ದೊಂದು ಇದೆಯಲ್ಲ, ಇನ್ನೊಂದು ಯಾಕೆ ಅಂದೆ.
ಕಾವೆತೂನಾ ಮಾತಾಡಲಿಲ್ಲ. ಹಳೆಯ ಫಿಲ್ಟರನ್ನು
ಗರಗಸದಲ್ಲಿ ಸೀಳಿ, ಒಳಗಿನ ಕಾಗದದ ನೆರಿಗೆ ಬಿಡಿಸಿ
ನನ್ನ ಮೊಣಕಾಲ ಮೇಲಿಟ್ಟಳು:
ಕಾಫಿ ಚರಟದಂಥ ಕಪ್ಪು. ಮುಟ್ಟಿದರೆ ತುಕ್ಕಿನ ಪುಡಿ.

ಒಪುವೊದಿಂದ ನದಿದಂಡೆಗೆ ನೂರೆಂಬತ್ತು ಕಿಲೋಮೀಟರು,
ನಡುವೆ ಡೀಸೆಲ್ಲೆಂದರೆ ನನ್ನ ಭಾವನ ಡ್ರಮ್ಮು,
ಮೊಪಾನೆ ಮರದಡಿ, ಮುಚ್ಚಳದ ಬದಲು ಗೋಣಿಚೂರು.
ಪೈಪು ಬಾಯಿಂದೆಳೆದು ಕ್ಯಾನಿಗೆ ಬಿಡುತ್ತಾನೆ,
ಉಗಿದು ನಗುತ್ತಾನೆ: ನೋಡು, ಜೇನು!

ಅವಳು ಚಾಸಿಗೆ ಎರಡು ತೂತು ಕೊರೆದಳು.
ಬ್ರಾಕೆಟ್ಟು, ಕ್ಲಿಪ್ಪು, ಮೊಳದಷ್ಟು ಹೋಸು;
ಟ್ಯಾಂಕಿಗೂ ಎಂಜಿನ್ನಿಗೂ ನಡುವೆ
ತಳದಲ್ಲಿ ಗಾಜಿನ ಬಟ್ಟಲು ಹೊತ್ತ ಹೊಸ ಫಿಲ್ಟರು.
ಕೈಪಂಪು ಒತ್ತೊತ್ತಿ ಗಾಳಿ ತೆಗೆದಳು. ಗುಳ್ಳೆ, ಗುಳ್ಳೆ,
ಆಮೇಲೆ ಗುಳ್ಳೆಯಿಲ್ಲ.
ಒಂದು ಇಂಜೆಕ್ಟರಿಗೆ ನಿನ್ನ ಎರಡು ಹಸು, ಎಂದಳು. ಅಷ್ಟೇ.

ಈಗ ದಿನಾ, ಕೀಲಿ ತಿರುಗಿಸುವ ಮೊದಲು
ಮಣ್ಣಲ್ಲಿ ಅಂಗಾತ ಮಲಗಿ ನೋಡುತ್ತೇನೆ:
ಮೇಲೆ ಹೊಂಬಣ್ಣ, ಕೆಳಗೆ ಬೆರಳಗಲ ನೀರು,
ನಡುವೆ ಉಗುರಿನಲ್ಲಿ ಗೀರಿದಂಥ ಗೆರೆ.
ಹನ್ನೊಂದು ವರ್ಷ ಇದನ್ನೂ ಸೇರಿಸಿ ಉರಿಸಿದ್ದೆ.
ಉರಿಯುತ್ತಿತ್ತು ಕೂಡ.

ನಿನ್ನೆ ಭಾವ ಬಗ್ಗಿ ಕೇಳಿದ: ಏನದು ಗಾಜು?
ಅವನ ಹಿಂದೆ ಅಕ್ಕ, ಕಂಕುಳಲ್ಲಿ ಮಗು.
ಹೊಸ ಫ್ಯಾಷನ್ನು, ಅಂದೆ.
ತಿರುಪು ಸಡಿಲಿಸಿ, ನೀರನ್ನು
ಅವನಿಗೆ ಕಾಣದ ಮಗ್ಗುಲಿಗೆ, ಮರಳಿಗೆ ಬಿಟ್ಟೆ.
ಎದ್ದು, ಬೆನ್ನು ಕೊಡವಿ,
ಕ್ಯಾನು ತುಂಬಿಸು, ಅಂದೆ.