ಹಿಂದಿನ ಗೋಡೆ

ತೆರಿಗೆ ಫಾರಮ್ಮಿನ ಹದಿನಾಲ್ಕನೆಯ ಕಲಮು:
ಹಿಂದಿನ ಗೋಡೆ ಸ್ವಂತದ್ದೋ, ಜಂಟಿಯೋ, ಪರರದೋ?

ರಾಯಚೂರಿನ ಅಂದ್ರೂನ್ ಕಿಲ್ಲಾ, ಏಪ್ರಿಲ್, ಹಗಲು ಹನ್ನೊಂದು.
ಟೇಪಿನ ಈ ತುದಿ ನನ್ನ ಕೈಲಿ, ಆ ತುದಿ ಹುಸೇನಪ್ಪನ ಕೈಲಿ.
ಮನೆ ಮನೆ ಹೊಕ್ಕು ಅಳೆಯುತ್ತಿದ್ದೇವೆ.

ಖಾಸಿಂಬಿಯ ಮನೆಗೆ ಮುಂದೆ ಇಟ್ಟಿಗೆ, ಪಕ್ಕಕ್ಕೆ ತಗಡು.
ಹಿಂದೆ ಮಾತ್ರ
ಮಲಗಿದ ಎಮ್ಮೆಯಷ್ಟು ದೊಡ್ಡ ಒಂದೊಂದು ಕಲ್ಲು,
ಗಾರೆಯಿಲ್ಲದೆ ಒಂದರ ಮೇಲೊಂದು ಕೂತು
ಏಳು ನೂರು ವರ್ಷದಿಂದ ಮಗ್ಗುಲು ಬದಲಿಸಿಲ್ಲ.
ಮೊಳೆ ಇಳಿಯದ್ದಕ್ಕೆ ಸಂದಿಯಲ್ಲಿ ಬೇವಿನ ಗೂಟ ಬಡಿದು
ರೇಷನ್ ಚೀಲ ತೂಗುಹಾಕಿದ್ದಾಳೆ.

"ಇದು ನಂದಲ್ರಿ. ರಾಜಂದಂತ.
ಯಾವ ರಾಜನೋ, ಬಾಡಿಗಿ ಕೇಳಾಕ ಇನ್ನಾ ಬಂದಿಲ್ಲ."

ಪರರದು ಎಂದು ಗುರುತು ಹಾಕಿದೆ.

ಹುಸೇನಪ್ಪನ ಹೆಸರು ಕೇಳಿ
ಬೆಂಗಳೂರಿನ ಆಡಿಟರು ಒಮ್ಮೆ ಪೆನ್ನು ನಿಲ್ಲಿಸಿದ್ದರು:
ಹುಸೇನು ಸರಿ, ಅಪ್ಪ ಹೇಗೆ?
"ಅಲಾಯಿ ದೇವರಿಗೆ ನಮ್ಮವ್ವ ಹೊತ್ತ ಹರಕಿ ರೀ" ಅಂದ.
ಅವರಿಗೆ ಏನು ತಿಳಿಯಿತೋ, ಬರೆದುಕೊಂಡರು.

ಬುತ್ತಿ ಬಿಚ್ಚಿದ್ದು ಉದ್ದಗಲ್ಲಿನ ಹತ್ತಿರ.
ನಮ್ಮ ಹತ್ತು ಮೀಟರ್ ಟೇಪು ಮುಗಿದ ಮೇಲೂ
ಆ ಕಲ್ಲು ಇನ್ನೂ ಉಳಿದಿರುತ್ತದೆ.
ಮೈಮೇಲೆ ತೆಲುಗು ಅಕ್ಷರ. ಹುಸೇನಪ್ಪನ ಹೆಂಡತಿ ಗದ್ವಾಲದವಳು,
ಅವಳನ್ನೂ ಕರೆತಂದು ತೋರಿಸಿದ್ದನಂತೆ.
"ಇದು ನಮ್ಮ ತೆಲುಗಲ್ಲ" ಅಂದು
ಬಳೆ ಕೊಳ್ಳಲು ಹೋದಳಂತೆ.

ಓದಲು ಬರುವುದು ಚಿತ್ರವೊಂದೇ.
ಗಾಡಿಯ ಮೇಲೆ ಇದೇ ಕಲ್ಲು, ಮುಂದೆ ಜೋಡಿ ಜೋಡಿ ಪಶು,
ಹಿಂದೆ ಗಾಲಿಗೆ ಹಾರೆ ಕೊಟ್ಟು ನೂಕುವ ಮಂದಿ.
ಎತ್ತು ಎಂದೆ ನಾನು, ಸಿಂಧನೂರಿನವಳು.
"ಕೋಣ ರೀ! ಕೊಂಬು ನೋಡ್ರಿ."
ರೊಟ್ಟಿ ಮುಗಿದರೂ ನಮ್ಮ ವಾದ ಮುಗಿಯಲಿಲ್ಲ.
ಪುಂಡಿಪಲ್ಯ ಹತ್ತಿದ ಬೆರಳಲ್ಲಿ
ದೂರದಿಂದಲೇ ಅವನು ಜೋಡಿ ಎಣಿಸುತ್ತ ಹೋದ,
ತಪ್ಪಿದ, ಮತ್ತೆ ಮೊದಲಿಂದ.

ನಾನು ಬೇರೆಯದನ್ನು ನೋಡುತ್ತಿದ್ದೆ.
ಚಿತ್ರದೊಳಗಿನ ಕಲ್ಲಿನ ಮೇಲೆ ಬರಹವಿಲ್ಲ.
ಯಾರ ಹೆಸರೂ ಅದಕ್ಕಿನ್ನೂ ಗೊತ್ತಿಲ್ಲ.
ಇಲ್ಲಿ, ಗೋಡೆಯಲ್ಲಿ, ಬಂದು ಕೂತು ಶತಮಾನಗಳಾದ ಕಲ್ಲು;
ಅಲ್ಲಿ ಅದೇ ಕಲ್ಲು ಇನ್ನೂ ದಾರಿಯಲ್ಲಿ,
ಇವತ್ತು ಸಂಜೆಗೆ ಮುಟ್ಟುತ್ತದೋ ಇಲ್ಲವೋ
ಎಂದು ಯಾರೋ ಹಾರೆ ಬದಲಿಸಿಕೊಳ್ಳುತ್ತಿದ್ದಾನೆ.

ಮರುದಿನ ಫಾರಮು ವಾಪಸು ಬಂತು. ಕೆಂಪು ಶಾಯಿ:
"ಪರರದು ಅಂದರೆ ಯಾರದು? ಹೆಸರು ನಮೂದಿಸಿ."

ಮತ್ತೆ ಖಾಸಿಂಬಿಯ ಬಾಗಿಲು.
ಮೊಮ್ಮಗನ ಅಂಗಿಯನ್ನು ಕಲ್ಲಿನ ಮೇಲೆ ಹರವುತ್ತ
ತಿರುಗಿ ನೋಡದೆ ಅಂದಳು:
"ಏನಾರ ಬರ್ಕೋರಿ.
ಬಟ್ಟಿ ಇಲ್ಲಿ ಲಗೂನ ಒಣಗ್ತಾವ, ಅದೊಂದು ಛಲೋ.
ಆದ್ರ ಬ್ಯಾಸಿಗ್ಯಾಗ ರಾತ್ರಿ ಹನ್ನೆರಡಾದ್ರೂ
ಈ ಗ್ವಾಡಿ ಆರಂಗಿಲ್ಲ,
ಬೆನ್ನು ಹಚ್ಚಿ ಮಲಗಾಕ ಬರಂಗಿಲ್ಲ.
ಅದನ್ನೂ ಬರ್ಕೋರಿ."

ಕಲಮಿನಲ್ಲಿ ಜಾಗ ಇದ್ದದ್ದು ಅರ್ಧ ಇಂಚು.
ಹುಸೇನಪ್ಪ ಟೇಪು ಸುತ್ತುತ್ತಿದ್ದ.
ನಾನು ಅಂಗೈ ಇಟ್ಟು ನೋಡಿದೆ. ಹೌದು, ಬಿಸಿ.