ಖಾನೇಷುಮಾರಿ, ಟಾರ್ಬೆಲ್ ಕೌಂಟಿ

ಮೂವತ್ತೊಂದು ವರ್ಷ ಈ ಜಲ್ಲಿರಸ್ತೆಗಳಲ್ಲಿ
ಟಪಾಲು ಹಂಚಿದವಳು ನಾನು, ವೆಲ್ಡಾ ಥೋರ್ಸನ್.
ಯಾರ ಡಬ್ಬಿಯ ಬಾಗಿಲು ಕಿರುಗುಟ್ಟುತ್ತದೆ,
ಯಾರದರಲ್ಲಿ ಕಣಜ ಗೂಡು ಕಟ್ಟಿದೆ,
ಬ್ಯಾಂಕಿನ ಕಾಗದ ಬಂದ ದಿನ
ಯಾರ ಮನೆಯ ನಾಯಿಯೂ ಬೊಗಳುವುದಿಲ್ಲ, ಬಲ್ಲೆ.
ಅದಕ್ಕೇ ಇರಬೇಕು, ನಿವೃತ್ತಿಯಾದ ಮೇಲೆ
ಹೆಗಲಿಗೊಂದು ಕಪ್ಪು ಚೀಲ ಹಾಕಿ
ಜನ ಎಣಿಸಿಕೊಂಡು ಬಾ ಎಂದರು.

ಕೌಂಟಿಗೆ ಹೆಸರು ಕೊಟ್ಟ ಕರ್ನಲ್ ಟಾರ್ಬೆಲ್
ಇತ್ತ ತಲೆ ಹಾಕಿಯೂ ಮಲಗಿದವನಲ್ಲ.
ನಕ್ಷೆ ಬರೆದ ಗುಮಾಸ್ತನಿಗೆ ಷಡ್ಡಕನಂತೆ, ಅಷ್ಟೆ.
ಮೊದಲ ಎಣಿಕೆಯಲ್ಲಿ ಇನ್ನೂರ ಒಂಬತ್ತು ಜನ.
ಹೊಳೆಯಾಚೆ ಮೆಕ್ಕೆಜೋಳ ಬೆಳೆಯುತ್ತಿದ್ದ
ಪೋಂಕಾ ಜನರ ಸಾಲಿನಲ್ಲಿ ಒಂದು ಉದ್ದ ಗೀಟು.
ತೆರಿಗೆ ಕಟ್ಟದವರಿಗೆ ತಲೆಯಿಲ್ಲ, ಅಂದಿನ ಕಾನೂನು.
ಹೆಸರುಗಳ ಶಾಯಿ ಮಾಸಿದೆ,
ಆ ಗೀಟಿನದು ಮಾಸಿಲ್ಲ.

ಆಮೇಲೆ ಕಚೇರಿ ಯಾವ ಊರಿಗೆ ಎಂಬ ಜಗಳ.
ಬೆಕ್ಸ್‌ಬಿಯ ಗಂಡಸರು ಜನವರಿಯ ಒಂದು ರಾತ್ರಿ
ಡನ್‌ಮೋರಿನ ಬೀಗ ಮುರಿದು
ಕಬ್ಬಿಣದ ತಿಜೋರಿಯನ್ನೇ ಜಾರುಬಂಡಿಗೇರಿಸಿ
ಹೆಪ್ಪುಗಟ್ಟಿದ ಹೊಳೆ ದಾಟುವಾಗ
ನಟ್ಟನಡುವೆ ನೀರು ಬಾಯಿಬಿಟ್ಟಿತು.
ಎರಡು ಕುದುರೆ, ಒಂದು ತಿಜೋರಿ, ಅದರೊಳಗೆ
ಇಡೀ ಕೌಂಟಿಯ ಹುಟ್ಟು, ಮದುವೆ, ಸಾವು.
ಮಂಜು ಕರಗಿದ ಮೇಲೆ ಎತ್ತಿ, ಪುಟಪುಟವನ್ನೂ
ಚರ್ಚಿನ ಬೆಂಚುಗಳ ಮೇಲೆ ಬಟ್ಟೆಯಂತೆ ಹರವಿದರು.
ನನ್ನಜ್ಜ ಹುಟ್ಟಿದ್ದು ಆ ಕಲೆಗಳಲ್ಲೆಲ್ಲೋ,
ಮೂರೋ ಎಂಟೋ ತಿಳಿಯದ ಒಂದು ಇಸವಿಯಲ್ಲಿ.

ಬಂದರು. ಬೊಹೀಮಿಯದವರು, ನಾರ್ವೆಯವರು,
ರಷ್ಯದಲ್ಲಿ ನೂರು ವರ್ಷ ಕಳೆದೂ ಜರ್ಮನರಾಗಿಯೇ ಉಳಿದವರು.
ಒಬ್ಬರ ಪ್ರಾರ್ಥನೆ ಒಬ್ಬರಿಗೆ ತಿಳಿಯದು,
ಹಂದಿ ಹೊಲಕ್ಕೆ ನುಗ್ಗಿದ ದಿನದ ಬೈಗುಳ
ಎಲ್ಲರಿಗೂ ತಿಳಿಯಿತು.
ಆರು ಸಾವಿರದ ನಾನೂರ ಎರಡು, ಸಾವಿರದ ಒಂಬೈನೂರ ಹತ್ತರಲ್ಲಿ.
ಅದೇ ಶಿಖರ. ಅಲ್ಲಿ ನಿಂತಿದ್ದೇವೆಂದು ಯಾರಿಗೂ ಗೊತ್ತಿರಲಿಲ್ಲ.
ಧೂಳು ಬಂತು. ರೈಲು ಹೋಯಿತು, ಹಳಿಗಳೂ ಹೋದವು.
ಎಂಟು ಜನರ ಗೇಯ್ಮೆ ಒಂದು ಯಂತ್ರಕ್ಕೆ ಬಂತು.
ಶಾಲೆಯ ಫುಟ್‌ಬಾಲ್ ತಂಡ ಹನ್ನೊಂದರಿಂದ ಎಂಟಕ್ಕೆ,
ಎಂಟರಿಂದ ಆರಕ್ಕೆ,
ಆಮೇಲೆ ಚೆಂಡು ಕಪಾಟಿಗೆ.
ಡನ್‌ಮೋರಿನಲ್ಲಿ ಈಗ ಊರಿನ ಫಲಕ ಮಾತ್ರ,
ಅದರ ಓ ಅಕ್ಷರದೊಳಗೆ ಯಾವನೋ ಹೊಡೆದ ಗುಂಡಿನ ತೂತು.

ನಿಯಮ ಸುಲಭ: ಏಪ್ರಿಲ್ ಒಂದಕ್ಕೆ ಉಸಿರಾಡುತ್ತಿದ್ದವರು.
ನಾನು ಹೋದದ್ದು ಮೇ ತಿಂಗಳಲ್ಲಿ.
ಆಲ್ಬಿನ್ ಕುದರ್ನನ ಬಾಗಿಲಿಗೆ ಹಲಗೆ ಬಡಿದಿತ್ತು.
ಏಪ್ರಿಲ್ ಎರಡರ ನಸುಕಿನಲ್ಲಿ
ಬೂಟು ಹಾಕಿಕೊಳ್ಳುತ್ತಲೇ ಹೋದನಂತೆ, ಒಂದೇ ಕಾಲಿಗೆ ಹಾಕಿದ್ದನಂತೆ.
ಬೇಲಿಯಾಚೆಯವನು ಹೇಳಿದ. ಬರೆದುಕೊಂಡೆ:
ಗಂಡು, ಎಂಬತ್ತೆಂಟು, ವಾಸವಾಗಿದ್ದಾನೆ.

ಹಂದಿಸಾಕಣೆಯ ಶೆಡ್ಡುಗಳ ಹಿಂದೆ ಟ್ರೇಲರ್ ಮನೆ.
ಗ್ವಾಟೆಮಾಲದ ಮಿಕಾಯೆಲಾ ಇಷ್ಕೋಯ್ ಐದು ಬೆರಳು ತೋರಿಸಿದಳು.
ಮಗು ಮೊಲೆ ಬಿಟ್ಟು ನನ್ನ ಪೆನ್ನು ನೋಡಿತು.
ಯಾವಾಗ ಹುಟ್ಟಿತು ಎಂದೆ.
ಏಪ್ರಿಲ್ ಎರಡು, ಕತ್ತಲೆ ಇದ್ದಾಗಲೇ.
ನಾಲ್ಕು ಎಂದು ಬರೆದೆ.
ತಾಯಿಗೆ ಇಂಗ್ಲಿಷಿನಿಂದ ದಾಟಿಸುತ್ತಿದ್ದ ಏಳರ ಹುಡುಗ
ನಡುವೆ ನಿಲ್ಲಿಸಿ ನನ್ನನ್ನೇ ಕೇಳಿದ:
ಹಾಗಾದರೆ ಅವಳು ಎಲ್ಲಿದ್ದಾಳೆ?

ಒಬ್ಬ ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಒಬ್ಬಳು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಒಟ್ಟು ಆರುನೂರ ಹನ್ನೆರಡು. ಕೂಡಿದರೂ ಕಳೆದರೂ ಅಷ್ಟೆ,
ಸರಿಯಾಗಿಯೇ ಇದೆ, ಯಾರೂ ತಪ್ಪು ಹಿಡಿಯುವುದಿಲ್ಲ.

ವಾಪಸು ಬರುವಾಗ ಕುದರ್ನನ ಟಪಾಲು ಡಬ್ಬಿಯ ಮುಂದೆ
ಗಾಡಿ ತಾನೇ ನಿಂತಂತೆ ನಿಂತಿತು. ಹಳೆಯ ಚಾಳಿ.
ಮುಂದಿನ ಎಣಿಕೆಯ ದಿನ ಅವಳಿಗೆ
ಹತ್ತು ತುಂಬಲು ಒಂದು ದಿನ ಕಡಿಮೆ.
ಬಾಗಿಲು ತಾನೇ ತೆರೆದು
ನೀನು ಯಾರು, ಎಂದು
ಎಣಿಸಲು ಬಂದವರನ್ನೇ ಕೇಳುವ ವಯಸ್ಸು.